ಹಾರ್ನೆಸ್ಸಿಗೆ ಇಟ್ಟ ಕುಂಕುಮ

ಸಿಡ್ನಿಯ ಹಾರ್ಬರ್ ಬ್ರಿಜ್ ಬಗ್ಗೆ ನಮ್ಮ ಜನರಿಗೆಲ್ಲ ಗೊತ್ತಿರುವ ಸಂಗತಿ ಒಂದೇ: ಅದಕ್ಕೆ ಬಣ್ಣ ಬಳಿಯುವ ಕೆಲಸ ಎಂದೂ ಮುಗಿಯುವುದಿಲ್ಲ. ಬ್ಲ್ಯಾಕ್‌ಟೌನಿನಲ್ಲಿ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ, ಕೇಸರಿಬಾತಿನ ತಟ್ಟೆ ಹಿಡಿದ ಒಬ್ಬ ಅಂಕಲ್ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿ ಮುಟ್ಟೋ ಹೊತ್ತಿಗೆ ಮೊದಲ್ನೇ ತುದಿಗೆ ತುಕ್ಕು ಹಿಡಿದಿರುತ್ತಂತಲ್ಲಮ್ಮಾ? ಒಳ್ಳೇ ಪರ್ಮನೆಂಟ್ ಜಾಬ್ ಬಿಡು!" ಎಂದು ತಾವೇ ನಗುತ್ತಿದ್ದರು.

ನನಗೆ ರೇಗಿಹೋಗುತ್ತಿತ್ತು. ಹಾಗಲ್ಲ ಅಂಕಲ್ ಎಂದು ಶುರು ಮಾಡಿದರೆ ನಾನೂ ಬಿಡುತ್ತಿರಲಿಲ್ಲ. ಕಬ್ಬಿಣಕ್ಕೆ ಬಣ್ಣ ಬಳಿಯುವುದು ಗೋಡೆಗೆ ಸುಣ್ಣ ಹೊಡೆದ ಹಾಗಲ್ಲ. ಉಪ್ಪುಗಾಳಿ ಎಲ್ಲಿ ಹೊಡೆಯುತ್ತದೆ, ಮಳೆನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಹಕ್ಕಿಗಳು ಎಲ್ಲಿ ಗೂಡು ಕಟ್ಟುತ್ತವೆ ಎಂದು ನೋಡಿ, ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ ಹೋಗಬೇಕು. ಹಳೆಯ ಪದರಗಳಲ್ಲಿ ಸೀಸವಿದೆ. ಅದು ಗಾಳಿಗೆ ಸೇರಬಾರದು, ನೀರಿಗೆ ಬೀಳಬಾರದು. ಆದ್ದರಿಂದ ಆ ಭಾಗಕ್ಕೆಲ್ಲ ಗುಡಾರದ ಹಾಗೆ ಮುಸುಕು ಹಾಕಿ, ಒಳಗೆ ಮರಳಿನಂಥ ಪುಡಿಯನ್ನು ರಭಸವಾಗಿ ಹೊಡೆದು, ಬರೀ ಉಕ್ಕು ಹೊಳೆಯುವ ತನಕ ಕೆರೆಯಬೇಕು. ಬಣ್ಣ ಅದಾದ ಮೇಲೆ. ಇಷ್ಟು ಹೇಳುವ ಹೊತ್ತಿಗೆ ಅಂಕಲ್ ತಟ್ಟೆ ಖಾಲಿ ಮಾಡಿ ಚಿತ್ರಾನ್ನದ ಕಡೆಗೆ ಹೊರಟಿರುತ್ತಿದ್ದರು. "ನಿಂಗೆ ಪಾರ್ಟೀಲೂ ಸೇತುವೇನೇ ಬೇಕಾ?" ಎಂದು ನನ್ನ ಗಂಡ ಕಾರಿನಲ್ಲಿ ಕೇಳುತ್ತಿದ್ದ.

ಬೇಕಿತ್ತು. ಆದರೆ ಆ ಸೇತುವೆಯ ಕಮಾನನ್ನು ನಾನಿನ್ನೂ ಹತ್ತಿರಲಿಲ್ಲ ಎಂಬ ಸತ್ಯವನ್ನು ಮಾತ್ರ ಅಂಕಲ್‌ಗಳಿಗೆ ಹೇಳುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಓದಿ, ಬೆಂಗಳೂರಿನ ಒಂದು ಪೇಂಟ್ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಗಂಡನಿಗೆ ಇಲ್ಲಿ ಕಾಯಮ್ಮಾಗಿ ಇರಲು ಪಿಆರ್ ಸಿಕ್ಕಿದ ಮೇಲೆ ಮೊದಲು ಬ್ಲ್ಯಾಕ್‌ಟೌನಿನ ಒಂದು ಫ್ಲ್ಯಾಟಿನಲ್ಲಿದ್ದು, ಆಮೇಲೆ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿದೆವು. ಮಗಳು ಹುಟ್ಟಿದಳು. ಎರಡು ಸಾವಿರದ ಏಳರಲ್ಲಿ ಸೇತುವೆಗೆ ಎಪ್ಪತ್ತೈದು ತುಂಬಿತೆಂದು ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ ಜನರನ್ನು ನಡೆಯಲು ಬಿಟ್ಟರಲ್ಲ, ಆಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾವೂ ನಡೆದಿದ್ದೆವು. ಎಲ್ಲರೂ ಸಮುದ್ರ ನೋಡುತ್ತಿದ್ದರು. ನಾನು ಉಕ್ಕಿನ ಹಲಗೆಗಳನ್ನು ಹಿಡಿದಿಟ್ಟ ದಪ್ಪ ಮೊಳೆಗಳನ್ನು, ರಿವೆಟ್‌ಗಳನ್ನು, ನೋಡುತ್ತಿದ್ದೆ. ಕಟ್ಟುವ ಕಾಲದಲ್ಲಿ ಒಬ್ಬ ಅವನ್ನು ಕೆಂಪಗೆ ಕಾಯಿಸಿ ಎಸೆಯುತ್ತಿದ್ದನಂತೆ, ಇನ್ನೊಬ್ಬ ಬಕೆಟ್ಟಿನಲ್ಲಿ ಹಿಡಿಯುತ್ತಿದ್ದನಂತೆ. ಸೊಂಟಕ್ಕೆ ಹಗ್ಗವೂ ಇಲ್ಲದೆ ಹಾಗೆ ಕೆಲಸ ಮಾಡಿದವರಲ್ಲಿ ಕೆಲವರು ಬಿದ್ದು ಸತ್ತರು. ನಾಲ್ಕು ಮೂಲೆಯ ಆ ಕಲ್ಲಿನ ಗೋಪುರಗಳಿವೆಯಲ್ಲ, ಅವು ಸೇತುವೆಯ ಭಾರವನ್ನೇ ಹೊರುವುದಿಲ್ಲ, ನೋಡುವವರಿಗೆ ಧೈರ್ಯ ಬರಲಿ ಎಂದು ನಿಲ್ಲಿಸಿದ್ದು. ಭಾರವೆಲ್ಲ ಹೊರುವುದು ಕಮಾನು. ಅದನ್ನು ಕಾಯುವುದು ಕೂದಲಿನಷ್ಟು ತೆಳುವಾದ ಬಣ್ಣ. ನಾನು ಮಾಡಬೇಕಾದ ಕೆಲಸ ಇದೇ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ.

ಬಣ್ಣದ ಗುತ್ತಿಗೆ ಹಿಡಿದಿದ್ದ ಕಂಪನಿಯೊಂದು ನನ್ನನ್ನು ಆಫೀಸಿಗೆ ತೆಗೆದುಕೊಂಡಿತು. ಮೇಲಿನಿಂದ ಬಂದ ಚೂರುಗಳನ್ನು ಪರೀಕ್ಷಿಸುವುದು, ಪದರಗಳ ದಪ್ಪ ಸರಿಯಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಬಣ್ಣದ ಮೇಲೆ ಬ್ಲೇಡಿನಿಂದ ಗೀರಿ, ಟೇಪ್ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತರೆ ಬಣ್ಣ ಟೇಪಿನ ಜೊತೆ ಬಂತೋ ಉಕ್ಕಿನ ಜೊತೆ ಉಳಿಯಿತೋ ಗೊತ್ತಾಗುತ್ತದೆ. ಆದರೆ ಆ ಗೀರನ್ನು ಬೇರೆ ಯಾರೋ ಎಲ್ಲೋ ಹಾಕಿ, ನನಗೆ ಟೇಪ್ ಮಾತ್ರ ತಂದುಕೊಡುತ್ತಿದ್ದರು. ಊಟ ಬೇರೆಯವರು ಮಾಡಿ, ರುಚಿ ನನಗೆ ವರದಿ ಮಾಡಿದ ಹಾಗಾಗುತ್ತಿತ್ತು.

ಮರುವರ್ಷ ಒಬ್ಬ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟ. ಆ ಜಾಗ ನನಗೆ ಕೊಡಿ ಎಂದು ಸೂಪರ್‌ವೈಸರನ್ನು ನೇರವಾಗಿ ಕೇಳಿದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕಮಾನಿನ ಒಳಗಿನ ಮೂಲೆಗಳಿಗೆ ಮೆಟ್ಟಿಲಿಲ್ಲ, ಹಗ್ಗದಲ್ಲಿ ಇಳಿಯಬೇಕು. ಮೆಲ್ಬರ್ನ್‌ನಲ್ಲಿ ಒಂದು ವಾರದ ತರಬೇತಿಯಿದೆ, ಶುಕ್ರವಾರ ಪರೀಕ್ಷೆ, ಪಾಸಾದರೆ ಜಾಗ ನಿನ್ನದು ಎಂದ. ಇಲ್ಲದಿದ್ದರೆ ಎಂದು ನಾನು ಕೇಳಲಿಲ್ಲ. ಹಗ್ಗದ ಕೆಲಸಕ್ಕೆ ಬೇಕಾದ ಪ್ರಮಾಣಪತ್ರ, ಇಲ್ಲಿಯವರು ಟಿಕೆಟ್ ಎನ್ನುವುದು, ಆಗಲೇ ಇದ್ದ ಇನ್ನೊಬ್ಬನ ಹೆಸರು ಆಗಲೇ ಅವನ ಮೇಜಿನ ಮೇಲಿತ್ತು, ನಾನು ಪಾಸಾಗದಿದ್ದರೆ ಸೋಮವಾರ ಅವನು ಬರುತ್ತಾನೆ.

ಆಗ ಅಮ್ಮ ನಮ್ಮ ಜೊತೆ ಇದ್ದಳು, ಆರು ತಿಂಗಳಿಗೆಂದು ಬಂದವಳು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರು ಶಿವಮೊಗ್ಗದ ಒಂದು ಎರಕದ ಕಾರ್ಖಾನೆಯಲ್ಲಿ ಫಿಟ್ಟರ್. ಸೂರಿನ ಹತ್ತಿರ ಓಡಾಡುವ ಕ್ರೇನಿಗೆ ಏನಾದರೂ ಆದರೆ ಮೇಲೆ ಹತ್ತಬೇಕಾದವರು ಅವರೇ. ಆಯಸ್ಸು ಮುಗಿದಿದ್ದು ಸಕ್ಕರೆ ಕಾಯಿಲೆಯಿಂದ, ಬಿದ್ದಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಕಾರ್ಖಾನೆಯ ಸೈರನ್ ಕೂಗಿದರೆ ಓಣಿಯ ಹೆಂಗಸರೆಲ್ಲ ಬೀದಿಗೆ ಬಂದು ನಿಲ್ಲುತ್ತಿದ್ದರು. ಅಮ್ಮನ ಅರ್ಧ ಆಯುಷ್ಯ ಆ ಭಯದಲ್ಲೇ ಕಳೆದಿತ್ತು. ಹಾಗಾಗಿ ನನ್ನ ಸುದ್ದಿ ಕೇಳಿದಾಗ ಅವಳು ಕೂಗಾಡಲಿಲ್ಲ. ಹುರುಳಿಕಾಯಿ ಸೋಸುತ್ತಿದ್ದ ಕೈ ನಿಲ್ಲಿಸಿ, "ಬೇಡ ಕಣೇ" ಎಂದಳು.

"ಯಾಕಮ್ಮಾ?"

"ಯಾಕೆ ಅಂತ ನನ್ನ ಕೇಳ್ತೀಯಾ? ಒಬ್ರನ್ನ ಮೇಲೆ ಹತ್ತಿಸಿ ಕಾದಿದ್ದು ಸಾಲ್ದಾ? ಮಗು ಇದೆ ನಿಂಗೆ."

"ಅಪ್ಪಂಗೂ ಮಗು ಇತ್ತಲ್ಲ. ಅವ್ರಿಗೆ ಬೇಡ ಅಂದಿದ್ಯಾ?"

ಅದು ಕೆಟ್ಟ ಮಾತೆಂದು ಗೊತ್ತಿದ್ದೂ ಆಡಿದೆ. ಅಮ್ಮ ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು. ಆದರೆ ದಿನವೂ ಬೆಳಗ್ಗೆ ಕಾಫಿ ಕೊಡುವಾಗ "ಬೇಡ" ಎನ್ನುವುದನ್ನು ಮರೆಯಲಿಲ್ಲ. ಹಟದಲ್ಲಿ ನಾನು ಅವಳ ಮಗಳೇ ತಾನೆ. ವಿಮಾನದ ಟಿಕೆಟ್ ಬುಕ್ ಮಾಡಿದೆ. ಮಗಳು ನನ್ನನ್ನು ಬಿಟ್ಟಿರುವುದಿಲ್ಲ, ಅವಳನ್ನು ನೋಡಿಕೊಳ್ಳಲು ನೀನೂ ಬರಬೇಕು ಎಂದೆ. ಬರುವುದಕ್ಕೂ ಅವಳು ಬೇಡ ಎನ್ನಬಹುದಿತ್ತು, ಎನ್ನಲಿಲ್ಲ.

ಮೆಲ್ಬರ್ನ್‌ನಲ್ಲಿ ನಾವು ಇಳಿದುಕೊಂಡದ್ದು ಕ್ರೇಗಿಬರ್ನ್‌ನ ಒಂದು ಮನೆಯಲ್ಲಿ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಮೊದಲು ಬ್ಲ್ಯಾಕ್‌ಟೌನಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದವರು. ಆ ಮನೆಯ ಆಂಟಿ ಆಸ್ಪತ್ರೆಯಲ್ಲಿ ನರ್ಸ್, ಆ ವಾರ ರಜೆಯಲ್ಲಿದ್ದರು. ಅವರ ಮನೆಯ ಹಿಂದೆ ಆಗಿನ್ನೂ ಬಯಲು. ಗಾಳಿ ಬೀಸಿದರೆ ಬಟ್ಟೆ ಒಣಹಾಕುವ ತಂತಿಯೇ ಹಾರಿಹೋಗುವಂತಿತ್ತು. ಭಾನುವಾರ ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗಿ, ಯಾರಾ ನದಿಯ ದಡದಲ್ಲಿ ಕಲಾಕೇಂದ್ರದ ತಲೆಯ ಮೇಲೆ ನಿಂತಿರುವ ಉಕ್ಕಿನ ಜಾಲರಿಯ ಗೋಪುರ ತೋರಿಸಿದರು. ಮೊದಲಿದ್ದದ್ದನ್ನು ತೆಗೆದು ಇನ್ನೂ ಎತ್ತರದ್ದನ್ನು ನಿಲ್ಲಿಸಿದ್ದಾರೆ ಎಂದು ನಾನು ಹೇಳಿದೆ. ಅಮ್ಮ ಕತ್ತೆತ್ತಿ ತುದಿಯ ತನಕ ನೋಡಿದಳು.

"ಇದಕ್ಕೂ ಯಾರಾದ್ರೂ ಹತ್ತುತಾರಾ?"

"ಹತ್ತಲೇಬೇಕಮ್ಮ. ಹತ್ತದೇ ಹೋದ್ರೆ ಇದು ನಿಲ್ಲಲ್ಲ."

"ಹತ್ತೋರು ಹತ್ಲಿ," ಎಂದು ಅಮ್ಮ ಮೊಮ್ಮಗಳ ಟೋಪಿ ಸರಿಮಾಡಿದಳು.

ತರಬೇತಿ ನಡೆದದ್ದು ಒಂದು ದೊಡ್ಡ ಶೆಡ್ಡಿನಲ್ಲಿ. ಸೂರಿನ ಕಬ್ಬಿಣದ ತೊಲೆಗಳಿಂದ ಹಗ್ಗಗಳು ಇಳಿಬಿದ್ದಿದ್ದವು. ಸೊಂಟ, ತೊಡೆ, ಎದೆಗೆ ಪಟ್ಟಿ ಬಿಗಿದು ಹಗ್ಗಕ್ಕೆ ಕೊಂಡಿ ಹಾಕಿಕೊಳ್ಳುವ ಹಾರ್ನೆಸ್ಸನ್ನು ನಾನು ನನ್ನ ದುಡ್ಡಿನಲ್ಲಿ ಹೊಸದಾಗಿ ಕೊಂಡಿದ್ದೆ. ನನ್ನ ಜೊತೆ ಕಲಿಯಲು ಬಂದವರು ಕಿಟಕಿ ಒರೆಸುವವರು, ಗಾಳಿಗಿರಣಿ ರಿಪೇರಿ ಮಾಡುವವರು. ನನ್ನನ್ನು ಬಿಟ್ಟರೆ ಹೆಂಗಸು ಒಬ್ಬಳೇ, ಟಾಸ್ಮೇನಿಯಾದ ಹುಡುಗಿ. ಮೊದಲ ದಿನ ನೆಲ ಬಿಟ್ಟು ಮೇಲೆ ಹೋದಾಗ ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಒಂದು ಮಾತು ಹೇಳಿಕೊಂಡೆ: ಹಗ್ಗದ ಮೇಲೆ ನಂಬಿಕೆ ಇಡಬೇಕಾಗಿಲ್ಲ, ಗಂಟು ಸರಿಯಿದೆಯೇ ಎಂದು ನೋಡಿದರೆ ಸಾಕು. ಬುಧವಾರದ ಹೊತ್ತಿಗೆ ನಾನು ತಲೆಕೆಳಗಾಗಿ ತೂಗಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದೆ. ಕಷ್ಟವಾಗಿದ್ದು ಕೊನೆಯ ಪಾಠ. ಹಗ್ಗದ ಮೇಲೆ ಪ್ರಜ್ಞೆ ತಪ್ಪಿ ನೇತಾಡುತ್ತಿರುವವನ ಬಳಿ ಹೋಗಿ, ಅವನನ್ನು ನನಗೆ ಕೊಂಡಿ ಹಾಕಿಕೊಂಡು, ಇಬ್ಬರ ಭಾರವನ್ನೂ ಒಂದೇ ಹಗ್ಗದಲ್ಲಿ ಕೆಳಗಿಳಿಸಬೇಕು. ಅದರಲ್ಲಿ ಸೋತವರಿಗೆ ಟಿಕೆಟ್ ಇಲ್ಲ.

ಪರೀಕ್ಷೆಯ ಹಿಂದಿನ ದಿನ ಆಯುಧಪೂಜೆ ಬಂತು. ಅಮ್ಮನಿಗೆ ಊರು ಯಾವುದಾದರೇನು. ನಾನು ಸಂಜೆ ಶೆಡ್ಡಿನಿಂದ ಬರುವಷ್ಟರಲ್ಲಿ ಆಂಟಿಯ ಕಾರು ತೊಳೆದು ನಿಲ್ಲಿಸಿದ್ದಳು. ಹಿತ್ತಲಿನ ಗಿಡದ ನಿಂಬೆಹಣ್ಣು ಚಕ್ರದ ಕೆಳಗೆ ಕೂತಿದ್ದವು. ದಾಸವಾಳ ಸಿಗಲಿಲ್ಲವೆಂದು ರಸ್ತೆ ಬದಿಯ ಬಾಟಲ್‌ಬ್ರಷ್ ಮರದ ಕೆಂಪು ಹೂವು ಕಿತ್ತು ತಂದಿದ್ದಳು. ಬೂದುಗುಂಬಳದ ಬದಲು ಅಂಗಡಿಯ ಸಿಹಿಗುಂಬಳ. ಆಂಟಿಗೆ ಇದೆಲ್ಲ ಭಾರೀ ಖುಷಿ. "ನಮ್ದು ಮೇರಿ ಮಾತೆಯ ಮೋಂತಿ ಫೆಸ್ತ್‌ಗೆ ಹೂವು, ನಿಮ್ದು ಇದಕ್ಕೆ ಹೂವು. ನಾನು ಕಾರಿಗೆ ಸ್ವಲ್ಪ ಹೋಲಿ ವಾಟರ್ ಕೂಡ ಹಾಕಿದ್ದೇನೆ ಆಯ್ತಾ," ಎಂದರು. ಮೊಳೆ ಸುತ್ತಿಗೆಗೂ, ಆಂಟಿಯ ಹೊಲಿಗೆ ಮೆಷಿನ್ನಿಗೂ, ಮಗಳ ಮೂರು ಚಕ್ರದ ಸೈಕಲ್ಲಿಗೂ ಕುಂಕುಮ ಬಿದ್ದಿತ್ತು. ನಾನು ಚೀಲವನ್ನು ಬಾಗಿಲ ಬಳಿ ಇಟ್ಟು, ಸ್ನಾನ ಮಾಡಿ ಮಂಗಳಾರತಿ ತೆಗೆದುಕೊಂಡೆ. ಆ ದಿನ ಮೈಯೆಲ್ಲ ನೋವು. ಬೇಗ ಊಟ ಮಾಡಿ ಮಲಗಿದೆ.

ಬೆಳಗ್ಗೆ ಶೆಡ್ಡಿನಲ್ಲಿ ಪರೀಕ್ಷಕ ಒಬ್ಬೊಬ್ಬರ ಸಾಮಾನನ್ನೂ ಮೇಜಿನ ಮೇಲೆ ಹರಡಿಸಿದ. ಹಗ್ಗ ಹತ್ತುವವರ ಕ್ರಮವೇ ಅದು, ಏರುವ ಮೊದಲು ಸಾಮಾನನ್ನು ಬೆರಳಿನಲ್ಲಿ ತಡವಿ ನೋಡಬೇಕು. ನನ್ನ ಸರದಿ ಬಂದಾಗ ಚೀಲದ ಜಿಪ್ ತೆಗೆದು ಹಾರ್ನೆಸ್ ಹೊರಗೆಳೆದೆ. ಸೊಂಟದ ಪಟ್ಟಿಗೆ ಮೂರು, ತೊಡೆಯ ಪಟ್ಟಿಗಳಿಗೆ ಎರಡೆರಡು, ಎದೆಯ ಕೊಂಡಿಯ ಬುಡದಲ್ಲಿ ದೊಡ್ಡದೊಂದು. ಉದುರಬಾರದೆಂದು ಎಣ್ಣೆಯಲ್ಲಿ ಕಲಸಿ ಇಟ್ಟ ಕುಂಕುಮ. ಸುತ್ತಲೂ ಅರಿಶಿನ. ಪಟ್ಟಿಯ ನೂಲಿನ ಒಳಗೆ ಇಳಿದಿತ್ತು. ಒಂದು ಬಾಟಲ್‌ಬ್ರಷ್ ಹೂವು ಮೇಜಿನ ಮೇಲೆ ಬಿತ್ತು.

ನನಗೆ ಕೋಪ ಬಂದ ರಭಸಕ್ಕೆ ಕಿವಿ ಬಿಸಿಯಾಯಿತು. ದಿನಾ ಬೇಡ ಬೇಡ ಎಂದವಳು ಇದನ್ನು ಬೇಕೆಂದೇ ಮಾಡಿದಳೇ ಎಂದೂ ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ ಅಲ್ಲ ಎಂದು ಗೊತ್ತಾಯಿತು. ಆ ಚುಕ್ಕೆಗಳು ಅಷ್ಟು ನೇರವಾಗಿದ್ದವು, ಅಷ್ಟು ಎಚ್ಚರಿಕೆಯಿಂದ ಇಟ್ಟಂಥವು.

ಪರೀಕ್ಷಕ ಬಗ್ಗಿ ನೋಡಿದ. ಮುಟ್ಟಿದ, ಬೆರಳು ಕೆಂಪಾಯಿತು. ಏನಿದು ಎಂದ. ನಾನು ಉತ್ತರಿಸುವ ಮೊದಲೇ ನಕ್ಕು, ನಿನ್ನೆ ಮಧ್ಯಾಹ್ನದ ಸಾರು ಚೆಲ್ಲಿಕೊಂಡೆಯಾ, ಊಟದ್ದಾದರೆ ಸಾಬೂನು ಹಾಕಿ ತೊಳೆದು ಒಣಗಿಸಿಕೊಂಡು ಬಾ, ಕೊನೆಯ ಸರದಿ ಕೊಡುತ್ತೇನೆ ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು.

ಆದರೆ ಅಮ್ಮ ಅಂಗಡಿಯ ಕುಂಕುಮ ಮುಟ್ಟುವವಳಲ್ಲ. ಅರಿಶಿನಕ್ಕೆ ನಿಂಬೆರಸ ಹಿಂಡಿ, ಬಿಳಿಗಾರ ಬೆರೆಸಿ, ನೆರಳಿನಲ್ಲಿ ಒಣಗಿಸಿ ತಾನೇ ಮಾಡುವವಳು. ನಿಂಬೆ ಆಮ್ಲ, ಬಿಳಿಗಾರ ಕ್ಷಾರ. ಹಾರ್ನೆಸ್ಸಿನ ಪಟ್ಟಿಗೆ ತಾಗಬಾರದ್ದು ಏನೇನೆಂದು ನಮಗೆ ಮೊದಲ ದಿನವೇ ಕಲಿಸಿದ್ದರು, ಎರಡೂ ಅದರಲ್ಲಿದ್ದವು. ಚೂರು ಕುಂಕುಮದಿಂದ ಆ ಪಟ್ಟಿ ಹರಿಯುತ್ತಿತ್ತೇ? ಬಹುಶಃ ಇಲ್ಲ. ಆದರೆ ಬಹುಶಃ ಎನ್ನುವ ಮಾತನ್ನು ನಾನೇ ನನ್ನ ಆಫೀಸಿನಲ್ಲಿ ಯಾರಿಂದಲೂ ಒಪ್ಪಿಕೊಂಡವಳಲ್ಲ. ಏನೆಂದು ಗೊತ್ತಿಲ್ಲದ ಕಲೆ ಉಕ್ಕಿನ ಮೇಲೆ ಕಂಡರೆ ಕೆರೆಸಿ ಹಾಕುತ್ತಿದ್ದೆ. ಇನ್ನು ಆ ಸಾರಿನ ಮಾತಿಗೆ ಮೂಗಿನ ತುದಿಯಲ್ಲಿದ್ದ ಸಿಟ್ಟು ಬೇರೆ ಬಾಯಿಗೆ ಬಂತು.

"ಊಟದ್ದಲ್ಲ," ಎಂದೆ. "ನಮ್ಮಮ್ಮ ಪೂಜೆ ಮಾಡಿದ್ದು." ಅದರಲ್ಲಿ ಏನೇನಿದೆ ಎಂದು ಬಿಡಿಸಿ ಹೇಳಿದೆ.

ಅವನ ನಗು ನಿಂತಿತು. ಆಮೇಲೆ ದೊಡ್ಡ ಕತ್ತರಿ ತಂದು, ಇದು ನಿನ್ನದು, ನೀನು ಒಪ್ಪಿದರೆ ಮಾತ್ರ ಎಂದ. ಕೆಟ್ಟದ್ದೆಂದು ತೀರ್ಮಾನವಾದ ಹಾರ್ನೆಸ್ಸನ್ನು ಹಾಗೇ ಬಿಡುವಂತಿಲ್ಲ, ಮರೆತು ಇನ್ಯಾರೋ ಹಾಕಿಕೊಂಡಾರು ಎಂದು ತುಂಡು ಮಾಡುತ್ತಾರೆ. ನಾನು ಹೂಂ ಎಂದೆ. ಅಮ್ಮನ ಕುಂಕುಮದ ಪಕ್ಕದಲ್ಲೇ ಕತ್ತರಿ ಆಡಿತು. ಹೊಸ ಪಟ್ಟಿ ಗಟ್ಟಿಯಾಗಿತ್ತು, ಅವನು ಎರಡೂ ಕೈ ಹಾಕಬೇಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಮುಖ ತಿರುಗಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುವ ನಾಟಕ ಮಾಡಿದೆ.

ಶೆಡ್ಡಿನಲ್ಲಿದ್ದ ಬಾಡಿಗೆ ಹಾರ್ನೆಸ್‌ಗಳೆಲ್ಲ ಆನೆಗಾತ್ರದ ಗಂಡಸರದ್ದು. ಎಷ್ಟು ಬಿಗಿದರೂ ನನ್ನ ಸೊಂಟಕ್ಕೆ ನಿಲ್ಲಲಿಲ್ಲ. ಸಡಿಲವಾದದ್ದರಲ್ಲಿ ಹತ್ತಿಸುವುದಿಲ್ಲ, ಮುಂದಿನ ತಿಂಗಳ ಪರೀಕ್ಷೆಗೆ ಬಾ ಎಂದ ಪರೀಕ್ಷಕ. ಮುಂದಿನ ತಿಂಗಳು ನನಗೆ ಇರಲಿಲ್ಲ. ಸೋಮವಾರ ಸಿಡ್ನಿಯಲ್ಲಿ ಇನ್ನೊಬ್ಬ ನನ್ನ ಸೇತುವೆಯನ್ನು ಹತ್ತುತ್ತಿದ್ದ. ನಾನು ಮನೆಗೆ ಹೋಗುವುದಿಲ್ಲ ಎಂದು ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತೆ. ಹತ್ತಿ ಇಳಿದು ಬಂದವರ ಸೊಂಟವನ್ನೆಲ್ಲ ದರ್ಜಿಯ ಹಾಗೆ ಕಣ್ಣಲ್ಲೇ ಅಳೆದೆ. ನನ್ನ ಅಳತೆಗೆ ಹತ್ತಿರವಿದ್ದವಳು ಟಾಸ್ಮೇನಿಯಾದ ಹುಡುಗಿ ಒಬ್ಬಳೇ. ಅವಳು ಪಾಸಾಗಿ, ಬೆವರು ಒರೆಸಿಕೊಳ್ಳುತ್ತಾ ಬಂದದ್ದೇ ತಡ, ನಿನ್ನದನ್ನು ಕೊಡುತ್ತೀಯಾ ಎಂದು ಕೇಳಿಯೇಬಿಟ್ಟೆ. ಬೇರೆಯವರ ಹತ್ತಿರ ಒಂದು ಲೋಟ ನೀರು ಕೇಳಲೂ ಸಂಕೋಚಪಡುತ್ತಿದ್ದವಳು ನಾನು. ಅವಳು ಅಲ್ಲೇ ಬಿಚ್ಚಿ ಕೊಟ್ಟಳು. ಪರೀಕ್ಷಕ ಅದನ್ನೂ ಪಟ್ಟಿಪಟ್ಟಿ ತಡವಿ ನೋಡಿ, ನನ್ನ ಸೊಂಟಕ್ಕೆ ಬಿಗಿಸಿ ಎಳೆದು ನೋಡಿ, ತಲೆಯಾಡಿಸಿದ.

ಪ್ರಜ್ಞೆ ತಪ್ಪಿದವನ ಹಾಗೆ ನಟಿಸಲು ನನಗೆ ಸಿಕ್ಕವನು ಗಾಳಿಗಿರಣಿ ರಿಪೇರಿಯ ಒಬ್ಬ ದಡಿಯ. ಸೂರಿನ ಹತ್ತಿರ ಕಣ್ಣು ಮುಚ್ಚಿ ನೇತಾಡುತ್ತಿದ್ದ. ಅವನ ಬಳಿಗೆ ಏರಿದೆ. ಅವನ ಭಾರ ನನ್ನ ಮೇಲೆ ಬಿದ್ದಾಗ ಮೊದಲು ಕೊಂಡಿಗೆ ಕೈ ಹಾಕಿದೆ. ಕೊಂಡಿ ಹಾಕು, ನೋಡು. ಬೀಗ ತಿರುಗಿಸು, ನೋಡು. ಅವನ ಹಗ್ಗ ಬಿಡಿಸು, ಬಿಡಿಸುವ ಮೊದಲು ಇನ್ನೊಮ್ಮೆ ನೋಡು. ನಾನು ಇದನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆನಂತೆ, ದಡಿಯ ಆಮೇಲೆ ಹೇಳಿದ. ಇಳಿಯುತ್ತಾ ಇಳಿಯುತ್ತಾ ಅವನ ಬೂಟು ನೆಲಕ್ಕೆ ತಾಗಿತು. ಆಮೇಲೆ ನನ್ನದು.

ಪಾಸು.

ಕ್ರೇಗಿಬರ್ನ್‌ಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಹೇಳುವ ಮೊದಲೇ ಮುಖ ನೋಡಿ ತಿಳಿದುಕೊಂಡಳು. "ಆಯ್ತು ಅನ್ನು. ಬೇಡ ಅಂದ್ರೂ ಹೋಗೋದಂತೂ ಹೋಗ್ತೀಯ, ಪೂಜೆನಾದ್ರೂ ಆಗ್ಲಿ ಅಂತ ಮಾಡ್ದೆ. ಫಲ ಸಿಕ್ತಲ್ಲ," ಎಂದಳು.

ದಿನವಿಡೀ ಅದುಮಿಟ್ಟಿದ್ದೆಲ್ಲ ಅಲ್ಲಿ ಸಿಡಿಯಿತು. ಚೀಲದಿಂದ ತುಂಡುಗಳನ್ನು ತೆಗೆದು ಅವಳ ಕೈಗೆ ಕೊಟ್ಟೆ. "ನೋಡು ನಿನ್ನ ಪೂಜೆ ಫಲ. ಕುಂಕುಮ ಇಟ್ಟಿದ್ದಕ್ಕೆ ಕತ್ತರಿಸಿ ಹಾಕಿದ್ರು."

ಅಡುಗೆಮನೆಯಿಂದ ಆಂಟಿ "ಅಯ್ಯೋ ದೇವರೇ" ಎಂದು ಓಡಿಬಂದರು. ಅಮ್ಮ ಸೋಫಾದ ಮೇಲೆ ಕೂತು, ಪಟ್ಟಿಯ ಕತ್ತರಿಸಿದ ತುದಿಯನ್ನು ಬೆರಳಿನಿಂದ ಸವರಿದಳು.

"ಹೊಸದಲ್ವೇನೇ?"

"ಹೊಸದೇ."

"ಇಷ್ಟಕ್ಕೇ ಕತ್ತರಿಸಿದ್ರಾ? ನೀನು ಜಗಳ ಆಡ್ಲಿಲ್ವಾ?"

"ಇಲ್ಲ. ಅವ್ರ ಜಾಗದಲ್ಲಿ ನಾನಿದ್ರೂ ಕತ್ತರಿಸ್ತಿದ್ದೆ."

ಅವಳು ಅಳುತ್ತಾಳೆ ಎಂದುಕೊಂಡೆ. ನನ್ನ ಕೋಪವೂ ಅಷ್ಟು ಹೊತ್ತಿಗೆ ಇಳಿದು, ಹಾಗೆ ಎಸೆದಂತೆ ಕೊಡಬಾರದಿತ್ತು ಎನ್ನಿಸುತ್ತಿತ್ತು. ಅಮ್ಮ ಅಳಲಿಲ್ಲ.

"ನಿಮ್ಮಪ್ಪ ಕ್ರೇನ್ ಹತ್ತೋವಾಗ ಕಟ್ಕೊಳ್ಳೋ ಬೆಲ್ಟು ಎಷ್ಟು ಸವೆದಿತ್ತು ಗೊತ್ತಾ? ನೂಲು ನೂಲು ಎದ್ದು ಬಂದಿತ್ತು. ಪ್ರತಿ ವರ್ಷ ಅದಕ್ಕೆ ಕುಂಕುಮ ಇಟ್ಟು ಅದನ್ನೇ ಕೊಡ್ತಿದ್ದೆ. ಅವ್ರೂ ಕಣ್ಣಿಗೊತ್ಕೊಂಡು ಕಟ್ಕೋತಿದ್ರು. ಕಾರ್ಖಾನೇಲಾಗ್ಲಿ, ಮನೇಲಾಗ್ಲಿ, ಬಿಚ್ಚಿ ನೋಡಿ ಇದು ಬೇಡ ಅಂದೋರು ಒಬ್ರೂ ಇರ್ಲಿಲ್ಲ." ತುಂಡುಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು. "ನಾನೂ ಅನ್ಲಿಲ್ಲ."

ಮಾರನೆಯ ದಿನ ಹೊಸ ಹಾರ್ನೆಸ್ ಕೊಳ್ಳಲು ಹೊರಟಾಗ ಅಮ್ಮನೂ ಸ್ವೆಟರ್ ಹಾಕಿಕೊಂಡು ಕಾರು ಹತ್ತಿದಳು. ಅಂಗಡಿಯವನು ನನ್ನ ಅಳತೆಯವು ಮೂರು ತಂದು ಇಟ್ಟ. ಅಮ್ಮ ಕನ್ನಡಕ ಏರಿಸಿ, ಮೊದಲನೆಯದನ್ನು ಎತ್ತಿಕೊಂಡು, ಅಕ್ಕಿ ಆರಿಸುವವಳ ಹಾಗೆ ಹೊಲಿಗೆ ಹೊಲಿಗೆ ನೋಡಿದಳು. ಬೆಳಕಿಗೆ ಹಿಡಿದಳು. ಕೊಂಡಿಯ ಬುಡ ಮಗುಚಿದಳು. ಅಂಗಡಿಯವನು ಗಡಿಯಾರ ನೋಡಿದ, ಅಮ್ಮ ಅವನ ಕಡೆ ನೋಡಲಿಲ್ಲ. ಮೊದಲನೆಯದನ್ನು ಪಕ್ಕಕ್ಕೆ ಸರಿಸಿ, ಎಲ್ಲೋ ಒಂದು ನೂಲು ಮೇಲೆದ್ದದ್ದನ್ನು ನನಗೆ ತೋರಿಸಿ, "ಇದು ಬೇಡ" ಎಂದಳು. ಎರಡನೆಯದೂ ಬೇಡವಾಯಿತು. ಮೂರನೆಯದನ್ನು ಎರಡು ಸಲ ನೋಡಿದಳು. ಆಮೇಲೆ ತಾನೇ ನನ್ನ ಸೊಂಟಕ್ಕೆ ಸುತ್ತಿ, ಮಗುವಿಗೆ ಲಂಗದ ಲಾಡಿ ಕಟ್ಟುವಾಗ ಎಳೆಯುವಂತೆ ಜಗ್ಗಿ ಬಿಗಿ ಮಾಡಿದಳು.

"ಇದನ್ನ ಹಾಕ್ಕೊಂಡು ಹತ್ತು," ಎಂದಳು.